ಫೋಟೊವನ್ನು ಪೇಂಟಿಂಗ್ ಮಾಡುವುದಕ್ಕೆ ಕ್ರಿಯಾಪದ ಯಾವುದು? 'ತಿದ್ದಿ ತೀಡಿದ ಪಟ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನನಗೆ ಒಂದು ಕ್ರಿಯಾಪದ ಬೇಕಾಗಿದೆ. ನಾಮಪದವನ್ನು ಹೇಗಾದರೂ ಹೊಂದಿಸಿಕೊಳ್ಳಬಹುದು, ಕ್ರಿಯಾಪದ ಮಾತ್ರ ಕೈಗೆ ಸಿಗುತ್ತಿಲ್ಲ. ಫೋಟೊವನ್ನು ಕಂಪ್ಯೂಟರಿಗೆ ಹಾಕಿ, ಫೋಟೊಶಾಪ್ ಅಥವಾ ಗಿಂಪ್‌ನಲ್ಲಿ ಕೆಲಸ ಮಾಡಿ, ಕುಂಚದಲ್ಲಿ ಬರೆದಂತೆ ಕಾಣಿಸುತ್ತಾರಲ್ಲ, ಆ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು? ಫೋಟೊ 'ತೆಗೆಯುತ್ತೇವೆ'. ಚಿತ್ರ 'ಬರೆಯುತ್ತೇವೆ', ಕೆಲವು ಕಡೆ 'ಬಿಡಿಸುತ್ತೇವೆ'. ಇದನ್ನು?

ಕೇಳುವುದಕ್ಕೆ ಕಾರಣ ಉಂಟು. ಉಡುಪಿಯಲ್ಲಿ ನಾವು ಕೆಲವರು ಸೇರಿ ಇಂಥ ಚಿತ್ರಗಳ ಸಣ್ಣ ಪ್ರದರ್ಶನ ಇಡಲಿದ್ದೇವೆ. ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಬೇಕು. ಹೆಚ್ಚಿನವುಗಳಲ್ಲಿ ಫೋಟೊ ಒಬ್ಬರದು, ಮುಂದಿನ ಕೆಲಸ ಇನ್ನೊಬ್ಬರದು. ವಾರಪತ್ರಿಕೆಗಳಲ್ಲಾದರೆ ಫೋಟೊಗೆ 'ಚಿತ್ರ' ಎಂದು ಹಾಕಿ ತೆಗೆದವರ ಹೆಸರು ಕೊಡುತ್ತಾರೆ, ಕತೆಗೆ ಬರೆದ ಚಿತ್ರಕ್ಕೆ 'ಕಲೆ' ಎಂದು ಹಾಕುತ್ತಾರೆ. ನಮ್ಮದು ಎರಡಕ್ಕೂ ಸೇರುವುದಿಲ್ಲ.

ಇಲ್ಲಿಯ ಸ್ಟುಡಿಯೊಗಳಲ್ಲಿ ಈಗ ಇರುವ ಮಾತು 'ಡಿಜಿಟಲ್ ಪೇಂಟಿಂಗ್', 'ಆಯಿಲ್ ಪೇಂಟಿಂಗ್ ಎಫೆಕ್ಟ್'. ಮೊಬೈಲಿನಲ್ಲೇ ಈ ಕೆಲಸ ಮಾಡುವ ಹುಡುಗರು 'ಸ್ಮಡ್ಜ್ ಮಾಡುವುದು' ಅನ್ನುತ್ತಾರೆ, ಅಂದರೆ ಬಣ್ಣವನ್ನು ಬೆರಳಿನಿಂದ ಎಳೆದಂತೆ ಸವರುವುದು. ಗಿರಾಕಿಗಳು ಅಜ್ಜನ ಹಳೆಯ ಫೋಟೊ ತಂದು "ಇದನ್ನೊಂದು ಪೇಂಟಿಂಗ್ ಮಾಡಿ ಕೊಡಿ ಮಾರಾಯ್ರೆ" ಅಂತಾರೆ. ಇಂಗ್ಲಿಷ್ ಪದ ಅನ್ನುವ ಕಾರಣಕ್ಕೆ ನನ್ನ ತಕರಾರಿಲ್ಲ. 'ಡಿಜಿಟಲ್ ಪೇಂಟಿಂಗ್' ಈಗ ನಮ್ಮ ಪೇಟೆಯ ಕನ್ನಡವೇ. ತಕರಾರು ಬೇರೆ. ಕ್ರಿತಾ ಎಂಬ ಚಿತ್ರ ಬರೆಯುವ ತಂತ್ರಾಂಶ ತೆರೆದು ಖಾಲಿ ಹಾಳೆಯಿಂದ ಶುರುಮಾಡಿ ಬರೆದದ್ದೂ ಡಿಜಿಟಲ್ ಪೇಂಟಿಂಗೇ. ಕೆಳಗೆ ಒಂದು ಫೋಟೊ ಇತ್ತು ಅನ್ನುವುದನ್ನು ಆ ಮಾತು ಹೇಳುವುದಿಲ್ಲ. 'ಅಂಕೀಯ ವರ್ಣಚಿತ್ರ' ಎಂದು ಒಬ್ಬರು ಸೂಚಿಸಿದರು. ಅದರಲ್ಲೂ ಇದೇ ಕೊರತೆ. ಮೇಲಿಂದ, ಅದನ್ನು ಬಾಯಲ್ಲಿ ಆಡುವವರನ್ನು ನಾನು ಕಂಡಿಲ್ಲ.

'ತೈಲವರ್ಣ', 'ಜಲವರ್ಣ' ಎಂಬ ಪದಗಳು ಇವೆಯಲ್ಲ ಅಂತ ಕೇಳಬಹುದು. ಅವು ಸಾಮಗ್ರಿಯ ಹೆಸರುಗಳು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ ನೋಡಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಅಲ್ಲಿ ಚಿತ್ರ ಬರೆದರು. ಕೆಲವು ಹಸಿ ಗಾರೆಯ ಮೇಲೆ, ಕೆಲವು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ. ನೋಡಲು ಹೋದವರು ಒಟ್ಟಾಗಿ 'ಪೇಂಟಿಂಗ್' ಅಂದುಬಿಡುತ್ತಾರೆ, ಆದರೆ ಬಲ್ಲವರು ಬೇರೆ ಬೇರೆ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲಿ ಹಾಗೆ ಕರೆಯುವುದರಲ್ಲಿ ಅರ್ಥ ಉಂಟು. ಒಂದು ಕಡೆ ಗಾರೆ ಒಣಗುವ ಮೊದಲು ಕೈ ಓಡಬೇಕು, ಇನ್ನೊಂದು ಕಡೆ ಎಣ್ಣೆ ಒಣಗಲು ಕಾಯಬೇಕು. ನಮ್ಮ ಪರದೆಯ ಮೇಲೆ ಎಣ್ಣೆಯೂ ಇಲ್ಲ, ನೀರೂ ಇಲ್ಲ. ಒಣಗುವ ಮಾತಂತೂ ಇಲ್ಲವೇ ಇಲ್ಲ. ಹಾಗಿರುವಾಗ 'ತೈಲಚಿತ್ರ' ಎಂದು ಚೀಟಿ ಅಂಟಿಸಿದರೆ ಸುಳ್ಳು ಹೇಳಿದಂತೆ. ಸಾಮಗ್ರಿ ಇಲ್ಲದ ಕಡೆ ಕೆಲಸದ ಹೆಸರಿನಿಂದಲೇ ಕರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೇ ಕ್ರಿಯಾಪದ ಬೇಕು ಅಂದದ್ದು.

ಆದರೆ ಕೆಲಸ ಒಂದೇ ಬಗೆಯದಲ್ಲ. ತೊಡಕು ಅಲ್ಲೇ ಶುರುವಾಗುವುದು.

ಒಂದು ಬಗೆಯಲ್ಲಿ ಫೋಟೊ ತೆರೆದು, ಒಂದು ಗುಂಡಿ ಒತ್ತಿದರೆ ಮುಗಿಯಿತು. ಗಿಂಪ್‌ನಲ್ಲಿ 'ಆಯಿಲಿಫೈ' ಅಂತ ಉಂಟು. ಅದು ಮಾಡುವುದು ತುಂಬ ಸರಳ ಕೆಲಸ. ಫೋಟೊದ ಪ್ರತಿ ಚುಕ್ಕಿಯ ಸುತ್ತ ಒಂದಿಷ್ಟು ಜಾಗ ನೋಡುತ್ತದೆ. ಆ ಜಾಗದಲ್ಲಿ ಯಾವ ಮಟ್ಟದ ಬೆಳಕು ಜಾಸ್ತಿ ಸಲ ಬಂದಿದೆಯೋ ಅದನ್ನೇ ಆ ಚುಕ್ಕಿಗೂ ಕೊಡುತ್ತದೆ. ಹೀಗೆ ಸಣ್ಣ ಸಣ್ಣ ವ್ಯತ್ಯಾಸ ಅಳಿಸಿಹೋಗಿ, ಬಣ್ಣ ತೇಪೆ ತೇಪೆಯಾಗಿ ನಿಲ್ಲುತ್ತದೆ. ನಮ್ಮ ಕಣ್ಣು ಅದನ್ನು ಕುಂಚದ ಗುರುತು ಅಂದುಕೊಳ್ಳುತ್ತದೆ. ಇದೇ ಜಾತಿಯ ಇನ್ನೊಂದು, 'ಕುವಾಹರ' ಫಿಲ್ಟರ್. ಅದು ಚುಕ್ಕಿಯ ಸುತ್ತಲಿನ ಜಾಗವನ್ನು ನಾಲ್ಕು ಪಾಲು ಮಾಡಿ, ಯಾವ ಪಾಲಿನಲ್ಲಿ ಏರುಪೇರು ಕಡಿಮೆಯೋ ಅದರ ಸರಾಸರಿ ಬಣ್ಣವನ್ನು ಆರಿಸಿಕೊಳ್ಳುತ್ತದೆ. ತಮಾಷೆ ಅಂದರೆ, ಜಪಾನಿನ ಕುವಾಹರ ಮತ್ತು ಜೊತೆಯವರು 1976ರಲ್ಲಿ ಇದನ್ನು ಕಟ್ಟಿದ್ದು ಹೃದಯದ ವೈದ್ಯಕೀಯ ಚಿತ್ರಗಳನ್ನು ಸ್ಪಷ್ಟ ಮಾಡಲಿಕ್ಕೆ. ಕಲೆಯ ಯೋಚನೆ ಅವರಿಗೆ ಇರಲಿಲ್ಲ.

ಈ ಫಿಲ್ಟರಿಗೆ 'ಶೋಧಕ' ಅಂತ ಕೆಲವು ಕಡೆ ಬರೆಯುತ್ತಾರೆ. ನನಗೆ ಹಿಡಿಸಲಿಲ್ಲ. ಶೋಧ ಅಂದರೆ ಜನ ಹುಡುಕಾಟ ಅಂದುಕೊಳ್ಳುತ್ತಾರೆ. 'ಸೋಸು' ಅನ್ನುವುದು ಸ್ವಲ್ಪ ಹತ್ತಿರ. ಆದರೆ ಸೋಸಿದರೆ ಕಸ ಹೋಗಿ ತಿಳಿ ಉಳಿಯಬೇಕು, ಇಲ್ಲಿ ಎಷ್ಟೋ ಸಲ ತಿಳಿಯೇ ಹೋಗುತ್ತದೆ. ಉದಾಹರಣೆ ನಮ್ಮ ಕೈಯಲ್ಲೇ ಉಂಟು. ಅಷ್ಟಮಿಯ ಸಮಯ ರಥಬೀದಿಯಲ್ಲಿ ತೆಗೆದ ಹುಲಿವೇಷದ ಫೋಟೊಗೆ ಈ ಫಿಲ್ಟರ್ ಚೆನ್ನಾಗಿ ಒಗ್ಗುತ್ತದೆ. ಪಟ್ಟೆ ದಪ್ಪ, ಬಣ್ಣ ಗಾಢ, ಎಷ್ಟು ತೇಪೆ ಮಾಡಿದರೂ ಹುಲಿ ಹುಲಿಯೇ. ಅದೇ ಫಿಲ್ಟರನ್ನು ಯಕ್ಷಗಾನದ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಹಾಕಿ ನೋಡಿ. ವೇಷ ಕಟ್ಟುವ ಚೌಕಿಯಲ್ಲಿ ಕೂತು ಅಕ್ಕಿಹಿಟ್ಟು ಸುಣ್ಣ ಕಲಸಿ ಗಂಟೆಗಟ್ಟಲೆ ಇಟ್ಟ ಚುಟ್ಟಿ ಇರುತ್ತದಲ್ಲ, ಮುಖದ ಮೇಲೆ ಸಾಲಾಗಿ ಎದ್ದ ಬಿಳಿ ಮುಳ್ಳುಗಳು, ಅವೆಲ್ಲ ಒಂದಕ್ಕೊಂದು ಅಂಟಿ ಬಿಳಿ ಪಟ್ಟಿಯಾಗಿಬಿಡುತ್ತವೆ. ಯಕ್ಷಗಾನ ಗೊತ್ತಿದ್ದವರು ಒಮ್ಮೆ ನೋಡಿದರೆ ಸಾಕು, ಮುಖ ಸಿಂಡರಿಸುತ್ತಾರೆ. ಕಲಾವಿದ ಕೈಯಿಂದ ಒಂದೊಂದೇ ಚುಟ್ಟಿಯನ್ನು ಪುನಃ ಇಡಬೇಕು.

ಹಾಗಾಗಿ ಗುಂಡಿ ಒತ್ತಿ ಮಾಡಿದ್ದಕ್ಕೂ ಕೈಯಿಂದ ಮಾಡಿದ್ದಕ್ಕೂ ಒಂದೇ ಮಾತು ಬಳಸಲು ನನಗೆ ಮನಸ್ಸಿಲ್ಲ. ಮೊದಲನೆಯದಕ್ಕೆ 'ಫಿಲ್ಟರ್ ಹಾಕಿದ್ದು' ಅಂದರೆ ಸಾಕು, ಜನ ಹಾಗೆಯೇ ಹೇಳುತ್ತಾರೆ. ಒಬ್ಬ ಚಿತ್ರಕಾರನ ಶೈಲಿಯನ್ನು ಇನ್ನೊಂದು ಫೋಟೊ ಮೇಲೆ ತರುವ ತಂತ್ರವೂ ಬಂದಿದೆ. ಅದರ ಮೊದಲ ಪ್ರಬಂಧ 2015ರದು, 2016ರಲ್ಲಿ ಪ್ರಿಸ್ಮಾ ಆ್ಯಪ್ ಬಂದ ಮೇಲೆ ಎಲ್ಲರ ಮೊಬೈಲಿಗೂ ಹಬ್ಬಿತು. ಅದಕ್ಕೆ 'ಶೈಲಿ ಹೊದಿಸುವುದು' ಅನ್ನೋಣ. ನಮ್ಮ ಪ್ರದರ್ಶನದಲ್ಲಿ ಅಂಥವು ಇಲ್ಲ, ಆದ್ದರಿಂದ ಅದನ್ನು ಇಲ್ಲಿಗೆ ಬಿಡುತ್ತೇನೆ.

ನನಗೆ ಬೇಕಾದದ್ದು ಕೈಕೆಲಸದ ಮಾತು. ಆ ಕೆಲಸ ಹೇಗೆ ಅಂತ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಪದ ಸರಿಯೋ ತಪ್ಪೋ ಹೇಳಲು ನಿಮಗೂ ಕಷ್ಟ. ಫೋಟೊ ಕೆಳಗಿನ ಪದರದಲ್ಲಿ ಇರುತ್ತದೆ. ಅದರ ಮೇಲೆ ಒಂದು ಖಾಲಿ ಪದರ. ಎಲ್ಲ ಪದರಗಳಿಂದಲೂ ಬಣ್ಣ ತೆಗೆದುಕೊಳ್ಳಲಿ ಎಂದು ಟೂಲಿಗೆ ಮೊದಲೇ ಗುರುತು ಹಾಕಿಡಬೇಕು. ಆಗ ಅದು ಕೆಳಗಿನ ಫೋಟೊದಿಂದ ಬಣ್ಣ ಎತ್ತಿ ಮೇಲಿನ ಖಾಲಿ ಪದರದಲ್ಲಿ ಸವರುತ್ತದೆ. ಸ್ಮಡ್ಜ್ ಟೂಲಿನ ಗುರುತೇ ಒಂದು ಬೆರಳು. 2010ರಲ್ಲಿ ಬಂದ ಫೋಟೊಶಾಪ್ ಸಿಎಸ್5ರಲ್ಲಿ 'ಮಿಕ್ಸರ್ ಬ್ರಷ್' ಸೇರಿತು. ಅದು ಹಾಳೆಯಲ್ಲಿ ಮೊದಲೇ ಇದ್ದ ಬಣ್ಣದ ಜೊತೆ ಕುಂಚದ ಬಣ್ಣ ಕಲಸುತ್ತಾ ಹೋಗುತ್ತದೆ. ಹಿನ್ನೆಲೆಗೆ ದೊಡ್ಡ ಕುಂಚ, ಕೆನ್ನೆಗೆ ನಡುಗಾತ್ರದ್ದು, ಕಣ್ಣಿಗೆ ತೀರಾ ಸಣ್ಣದು. ಕೆನ್ನೆಯ ಉಬ್ಬು ಯಾವ ಕಡೆ ತಿರುಗುತ್ತದೋ ಕೈಯೂ ಅದೇ ಕಡೆ ತಿರುಗಬೇಕು. ಕೂದಲನ್ನು ಫೋಟೊದಲ್ಲಿದ್ದ ಹಾಗೆ ಬಿಡುವವರು ಕಡಿಮೆ. ಎಳೆ ಎಳೆಯಾಗಿ ಹೊಸದಾಗಿ ಎಳೆಯುತ್ತಾರೆ. ಕೊನೆಗೆ ಕೆಳಗಿನ ಫೋಟೊವನ್ನು ಮುಚ್ಚಿಟ್ಟರೂ ಮೇಲಿನ ಚಿತ್ರ ತಾನೇ ನಿಲ್ಲಬೇಕು. ನಿಲ್ಲದಿದ್ದರೆ ಕೆಲಸ ಆಗಿಲ್ಲ ಅಂತ ಅರ್ಥ.

ಇಷ್ಟನ್ನು 'ಬರೆದದ್ದು' ಅನ್ನಬಹುದೇ? ಪೂರ್ತಿ ಅಲ್ಲ. ಗೆರೆ ಮೊದಲೇ ಅಲ್ಲಿತ್ತು. ಗೆರೆಯಿಂದಲೇ ಹೆಸರಾದ ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಊರಿನ ಹತ್ತಿರ ಕೂತು, ಬೇರೆಯವರು ತೆಗೆದ ಫೋಟೊದ ಗೆರೆಯನ್ನು 'ನಾನು ಬರೆದೆ' ಅನ್ನಲು ಸ್ವಲ್ಪ ಸಂಕೋಚ ಆಗಬೇಕಾದದ್ದೇ. 'ಬಣ್ಣ ತುಂಬಿದ್ದು' ಅನ್ನೋಣವೇ? ಅದು ಹಳೆಯ ಕಪ್ಪುಬಿಳುಪು ಫೋಟೊಗಳಿಗೆ ಸಲ್ಲುವ ಮಾತು. ಆಗ ಅಚ್ಚಾದ ಫೋಟೊ ಮೇಲೆ ಹತ್ತಿಯಲ್ಲೋ ಕುಂಚದಲ್ಲೋ ತೆಳು ಬಣ್ಣ ಹಚ್ಚುತ್ತಿದ್ದರು. ಕೆಳಗಿನ ಫೋಟೊ ಹಾಗೆಯೇ ಕಾಣುತ್ತಿತ್ತು. ಇಲ್ಲಿ ಫೋಟೊ ಕಾಣಬಾರದು.

ನನಗೆ ಹೊಳೆದದ್ದು 'ತಿದ್ದು'. ತಪ್ಪು ತಿದ್ದುವುದು ಅಂತ ಕೂಡಲೇ ಹೇಳಬೇಡಿ. ಅಕ್ಷರ ತಿದ್ದುವುದು ನೆನಪಿಸಿಕೊಳ್ಳಿ. ಮಾಸ್ಟ್ರು ಸ್ಲೇಟಿನಲ್ಲಿ 'ಅ' ಬರೆದು ಕೊಡುತ್ತಾರೆ. ಮಗು ಅದರ ಮೇಲೆಯೇ ಕಡ್ಡಿ ಆಡಿಸುತ್ತದೆ. ಅಲ್ಲಿ ಮೂಲದಲ್ಲಿ ತಪ್ಪೇನೂ ಇಲ್ಲ. ಮೂಲ ಸರಿಯಾಗಿರುವುದರಿಂದಲೇ ಅದರ ಮೇಲೆ ಕೈ ಓಡಿಸುವುದು. ನಮ್ಮ ಕೆಲಸವೂ ಹಾಗೆಯೇ, ಅಲ್ವಾ? ಕೆಳಗೆ ಇರುವುದರ ಮೇಲೆ, ಅದನ್ನೇ ಅನುಸರಿಸಿ.

ಇನ್ನೊಂದು ಮಾತು 'ತೀಡು'. ಕಾಡಿಗೆ ತೀಡುವುದು, ತಿಲಕ ತೀಡುವುದು, ಹುಬ್ಬು ತೀಡುವುದು. ಬೆರಳಿನಿಂದ ಹಿತವಾಗಿ ಎಳೆದು ಸವರುವ ಕೆಲಸ. ಸ್ಮಡ್ಜ್ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ಮಾತು ನನಗೆ ಸಿಕ್ಕಿಲ್ಲ. ಇಂಗ್ಲಿಷಿನ ಸ್ಮಡ್ಜ್‌ನಲ್ಲಿ ಸ್ವಲ್ಪ ಕೊಳೆ, ಕಲೆಸಿಹೋಗುವ ಭಾವ ಇದೆ. ತೀಡುವುದರಲ್ಲಿ ಅದಿಲ್ಲ, ಅಂದ ಮಾಡುವ ಭಾವವೇ ಇರುವುದು. ಕವಿಗಳ ತಂಗಾಳಿಯೂ ತೀಡುತ್ತದೆ, ಅದು ಸುಮ್ನೆ ನೆನಪಾಯಿತು.

ಇವೆರಡನ್ನೂ ಪಕ್ಕಪಕ್ಕ ಇಟ್ಟಾಗ ಗೊತ್ತಾಯಿತು, ಕನ್ನಡ ಇವಕ್ಕೆ ಎಂದೋ ಜೋಡಿ ಕಟ್ಟಿದೆ. 'ತಿದ್ದಿ ತೀಡಿ' ಅಂತ ದಿನಾ ಹೇಳುತ್ತೇವೆ. ಶಿಷ್ಯನನ್ನು ತಿದ್ದಿ ತೀಡಿದ ಗುರು, ತಿದ್ದಿ ತೀಡಿದ ಹುಬ್ಬು. ಹಾಗಾದರೆ 'ತಿದ್ದಿ ತೀಡಿದ ಪಟ' ಅನ್ನಬಾರದೇಕೆ?

'ಪಟ' ಯಾಕೆ ಅಂದರೆ, ನಮ್ಮ ಕರಾವಳಿಯಲ್ಲಿ ಫೋಟೊ ಅಂದರೆ ಪಟವೇ. ತುಳುವಿನಲ್ಲಿ 'ಪಟ ದೆಪ್ಪುನಿ' ಅಂದರೆ ಫೋಟೊ ತೆಗೆಯುವುದು. ಉಳಿದ ಕಡೆಯವರಿಗೆ ಗಾಳಿಪಟ, ದೇವರ ಪಟ ಗೊತ್ತಿದ್ದೇ ಇದೆ. ಸಂಸ್ಕೃತದಲ್ಲಿ ಪಟ ಅಂದರೆ ಬಟ್ಟೆ, ಚಿತ್ರ ಬರೆದ ಬಟ್ಟೆಯೂ ಹೌದು. ನಮ್ಮ ಪ್ರದರ್ಶನದ ಚಿತ್ರಗಳನ್ನೂ ಕ್ಯಾನ್ವಾಸ್ ಬಟ್ಟೆಯ ಮೇಲೆಯೇ ಅಚ್ಚು ಹಾಕಿಸುವುದು. ಆದ್ದರಿಂದ ಹಳೆಯ ಅರ್ಥಕ್ಕೂ ಮೋಸವಿಲ್ಲ. 'ಭಾವಚಿತ್ರ' ಅನ್ನಲು ಹೋಗಲಿಲ್ಲ. ಆ ಮಾತು ಅರ್ಜಿ ಫಾರಂಗಳಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೊಗೆ ಅಂಟಿಹೋಗಿದೆ.

ನನ್ನದೇ ಪ್ರಸ್ತಾಪದ ಬಗ್ಗೆ ನನಗೆ ಎರಡು ಅಳುಕು ಇವೆ. 'ತಿದ್ದಿದ ಫೋಟೊ' ಎಂದು ಒಂಟಿಯಾಗಿ ಹೇಳಿದರೆ ಈಗಿನ ಓದುಗರಿಗೆ ಮೋಸದ ಫೋಟೊ ನೆನಪಾಗಬಹುದು. ಸುದ್ದಿಯಲ್ಲಿ ಅದಕ್ಕೆ 'ತಿರುಚಿದ' ಅಂತಲೇ ಹೆಚ್ಚಾಗಿ ಬರೆಯುತ್ತಾರೆ, ನಿಜ. ಆದರೂ ತಿದ್ದು, ತಿರುಚು ಎರಡರ ನಡುವಿನ ಬೇಲಿ ಅಷ್ಟೇನೂ ಗಟ್ಟಿಯಿಲ್ಲ. 'ತೀಡಿದ' ಜೊತೆಗಿದ್ದರೆ ಆ ಅನುಮಾನ ಹೋಗುತ್ತದೆಯೇ? ನನ್ನ ಕಿವಿಗೆ ಹೋಗುತ್ತದೆ. ನಿಮ್ಮ ಕಿವಿಗೆ? ಎರಡನೆಯದು, ಅಜ್ಜನ ಚಿತ್ರದ ಕೆಳಗೆ 'ತಿದ್ದಿ ತೀಡಿದ ಪಟ' ಎಂದು ಬರೆದರೆ "ನಮ್ಮ ಅಜ್ಜನಲ್ಲಿ ತಿದ್ದಲಿಕ್ಕೆ ಏನಿತ್ತು?" ಎಂದು ಮನೆಯವರು ಕೇಳಿಯಾರು. ನಗಬೇಡಿ, ಇಲ್ಲಿಯ ಜನ ಕೇಳುತ್ತಾರೆ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಕುಂದಾಪುರದ ಕಡೆ, ಘಟ್ಟದ ಮೇಲೆ, ಉತ್ತರ ಕರ್ನಾಟಕದಲ್ಲಿ 'ತೀಡು' ಇನ್ನೂ ಮಾತಿನಲ್ಲಿ ಉಂಟೇ, ಇದ್ದರೆ ಯಾವುದಕ್ಕೆಲ್ಲ ಬಳಸುತ್ತೀರಿ? ನನ್ನ ಸುತ್ತಲಿನ ತುಳು ಮಾತಾಡುವ ಮಕ್ಕಳಿಗೆ ಅದು ಪುಸ್ತಕದ ಪದ. ಹಳೆಯ ಸ್ಟುಡಿಯೊಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಅವರಿಗೆ ಬೇರೆಯೇ ಪ್ರಶ್ನೆ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮುಖದ ಸುಕ್ಕು, ಕಲೆ ಮರೆಸುತ್ತಿದ್ದಿರಲ್ಲ, ಆ ಕೆಲಸಕ್ಕೆ 'ಟಚಿಂಗ್' ಅಲ್ಲದೆ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಒಂದು ಮಾತು ಇತ್ತೇ? ಇದ್ದರೆ ಅದೇ ನಮಗೆ ಸಾಕಾಗಬಹುದು, ನನ್ನ ಈ ಜೋಡಿಪದ ಬೇಕಾಗಲಿಕ್ಕಿಲ್ಲ.

ಸದ್ಯಕ್ಕೆ ಚೀಟಿಯ ಕರಡಿನಲ್ಲಿ ಮೇಲೆ 'ಪಟ ತೆಗೆದವರು', ಕೆಳಗೆ 'ತಿದ್ದಿ ತೀಡಿದವರು' ಎಂದು ಹಾಕಿಟ್ಟಿದ್ದೇನೆ. ಫಿಲ್ಟರ್ ಮಾತ್ರ ಹಾಕಿದ ಒಂದೆರಡು ಚಿತ್ರಗಳಿಗೆ ಎರಡನೆಯ ಸಾಲೇ ಇಲ್ಲ. ಅವುಗಳನ್ನು ಮಾಡಿದವರು ಈಗಾಗಲೇ ಮುನಿಸಿಕೊಂಡಿದ್ದಾರೆ. ಅವರಿಗೂ ಒಂದು ಕ್ರಿಯಾಪದ ಸೂಚಿಸಿದರೆ ಉಪಕಾರ.