ಅಪ್‌ಡೇಟ್: ಟಿವಿ ಕಾರ್ಯಕ್ರಮದ ಬಗೆಗಿನ ದೂರನ್ನು ಯಾರು ತೀರ್ಮಾನಿಸುತ್ತಾರೆ?

ಧಾರಾವಾಹಿ ದೃಶ್ಯವೊಂದರ ಬಗ್ಗೆ ನೇರವಾಗಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೇ ಬರೆಯಬಹುದೇ ಎಂದು ಕೇಳಿದ್ದೆ. ಬೇಡ, ಮೊದಲು ವಾಹಿನಿಗೇ ಬರೆಯಬೇಕು. 2021ರ ಕೇಬಲ್ ಟಿವಿ ತಿದ್ದುಪಡಿ ನಿಯಮದಂತೆ ವಾಹಿನಿ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಮತ್ತೆ 15 ದಿನದೊಳಗೆ ಸ್ವನಿಯಂತ್ರಣ ಸಂಸ್ಥೆಗೆ (ವಾಹಿನಿಗಳೇ ಸೇರಿ ಮಾಡಿಕೊಂಡದ್ದು) ಮೇಲ್ಮನವಿ. ಅದು 60 ದಿನದೊಳಗೆ ತೀರ್ಮಾನಿಸಬೇಕು. ಸರ್ಕಾರದ ಸರದಿ ಕೊನೆಗೆ. ಜಾಹೀರಾತಾದರೆ ದಾರಿಯೇ ಬೇರೆ.

ದೂರು ಬಿದ್ದುಹೋಗುವುದು ಹೆಚ್ಚಾಗಿ ಬರವಣಿಗೆಯಲ್ಲೇ. ‘ಅಸಹ್ಯವಾಗಿತ್ತು’ ಅಂದರೆ ಅದು ಬರೀ ಅಭಿಪ್ರಾಯ. ‘ರಾತ್ರಿ 8.17ಕ್ಕೆ ದೌರ್ಜನ್ಯಕ್ಕೊಳಗಾದ ಮಗುವಿನ ಮುಖ ಮಸುಕುಗೊಳಿಸದೆ ತೋರಿಸಿದ್ದಾರೆ’ ಅಂದರೆ ಟಿವಿಯಲ್ಲಿ ಏನು ತೋರಿಸಬಾರದು ಎಂದು ಹೇಳುವ ಕಾರ್ಯಕ್ರಮ ಸಂಹಿತೆಗೆ, ಅಂದರೆ ಕೇಬಲ್ ಟಿವಿ ನಿಯಮಗಳ 6ನೇ ನಿಯಮಕ್ಕೆ, ಹೋಲಿಸಿ ನೋಡಲು ಬರುತ್ತದೆ. ವಾಹಿನಿಗಳು ಪ್ರಸಾರದ ರೆಕಾರ್ಡಿಂಗ್ ಉಳಿಸಿಕೊಳ್ಳಬೇಕಾದ್ದು 90 ದಿನ ಮಾತ್ರ, ತಡಮಾಡಬೇಡಿ.