ಅಪ್‌ಡೇಟ್: ಬೇರೆ ಉಪನಾಮದ ಆ ಇಬ್ಬರೂ ಒಡಹುಟ್ಟಿದವರೇ

ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಪೂರ್ವ ಯುರೋಪಿನ ಗಲೀಷಿಯಾ ಪ್ರಾಂತ್ಯದಿಂದ ನ್ಯೂಯಾರ್ಕಿಗೆ ವಲಸೆ ಬಂದ ನನ್ನ ಪತಿಯ ಯಹೂದಿ ಮುತ್ತಜ್ಜನಿಗೂ, ಅವರು ಅಣ್ಣನೆಂದೇ ಕರೆಯುತ್ತಿದ್ದ ಬೇರೆ ಉಪನಾಮದ ವ್ಯಕ್ತಿಗೂ ಏನು ಸಂಬಂಧವೆಂದು ಕಳೆದ ವಾರ ಕೇಳಿದ್ದೆ. ಅವರು ಒಂದೇ ತಂದೆತಾಯಿಯ ಮಕ್ಕಳೆಂದು ಈಗ ಖಚಿತವಾಗಿದೆ.

ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ಹೆಸರು ಬದಲಿಸಿರಬಹುದೆಂಬ ಊಹೆ ಸರಿಹೊಂದಲಿಲ್ಲ. ಹಡಗಿನವರು ಮೊದಲೇ ಬರೆದು ತಂದ ಪಟ್ಟಿಯನ್ನಷ್ಟೇ ಅವರು ಪರಿಶೀಲಿಸುತ್ತಿದ್ದರು. ಡಿಎನ್‌ಎ ಪರೀಕ್ಷೆಯೂ ಗೊಂದಲವನ್ನೇ ಹೆಚ್ಚಿಸಿತು, ಏಕೆಂದರೆ ಶತಮಾನಗಳ ಕಾಲ ತಮ್ಮೊಳಗೇ ಮದುವೆಯಾದ ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪಿನ) ಯಹೂದಿಗಳಲ್ಲಿ ದೂರದವರೂ ಹತ್ತಿರದ ನೆಂಟರಂತೆ ಕಾಣುತ್ತಾರೆ.

ಫಲಿಸಿದ್ದು ಸಮಾಧಿಕಲ್ಲಿನ ಹೀಬ್ರೂ ಸಾಲನ್ನು ಓದಿಸಬೇಕೆಂಬ ಸಲಹೆ; ಅದನ್ನು ಕೊಟ್ಟವರಿಗೆ ನಾನು ಮನಸಾರೆ ಕೃತಜ್ಞಳು. ಇಂಗ್ಲಿಷ್ ಸಾಲಿನಲ್ಲಿ ಇಲ್ಲದ ತಂದೆಯ ಹೆಸರು ಅಲ್ಲಿ 'ಬೆನ್', ಅಂದರೆ 'ಮಗ', ಎಂಬ ಪದದ ನಂತರ ಬರುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳ ಚಿತ್ರ ತೆಗೆದು ಹೋಲಿಸಿದಾಗ ಎರಡೂ ಕಲ್ಲುಗಳಲ್ಲಿ ಒಂದೇ ಹೆಸರಿತ್ತು. ಊರಿನಲ್ಲಿ ಉಳಿದ ಹತ್ತಿರದ ಬಂಧುವಿನ ಹೆಸರನ್ನು 1907ರಿಂದ ಹಡಗಿನ ಪಟ್ಟಿಗಳಲ್ಲಿ ಬರೆಯುತ್ತಿದ್ದರು. ಅಲ್ಲಿಯೂ ಇಬ್ಬರೂ ಒಬ್ಬಳೇ ತಾಯಿಯನ್ನು ಹೆಸರಿಸಿದ್ದರು.

ಉಪನಾಮ ಬೇರೆಯಾದ ಕಾರಣ ನನ್ನನ್ನು ಬೆರಗುಗೊಳಿಸಿತು. ಆಸ್ಟ್ರಿಯಾದ ಆಳ್ವಿಕೆಯಲ್ಲಿ ಸರ್ಕಾರಿ ನೋಂದಣಿಯಿಲ್ಲದ ಧಾರ್ಮಿಕ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಲಿಲ್ಲವಾದ್ದರಿಂದ, ಅಂಥ ದಂಪತಿಯ ಮಕ್ಕಳನ್ನು ಸಾಮಾನ್ಯವಾಗಿ ತಾಯಿಯ ಉಪನಾಮದಲ್ಲೇ ದಾಖಲಿಸುತ್ತಿದ್ದರು. ಅಣ್ಣ ಅದನ್ನೇ ಉಳಿಸಿಕೊಂಡರು, ತಮ್ಮನಾದ ಮುತ್ತಜ್ಜ ತಂದೆಯದನ್ನು ಇಟ್ಟುಕೊಂಡರು. ತಾಯಿಯ ತವರಿನ ಉಪನಾಮವನ್ನು ದೃಢಪಡಿಸಿಕೊಳ್ಳಲು ಅಣ್ಣ ಅಮೆರಿಕದ ಸಾಮಾಜಿಕ ಭದ್ರತಾ ಯೋಜನೆಗೆ (ಸೋಷಿಯಲ್ ಸೆಕ್ಯುರಿಟಿ) ಸಲ್ಲಿಸಿದ್ದ, ತಂದೆತಾಯಿಯ ಹೆಸರಿರುವ ಅರ್ಜಿಯ ಪ್ರತಿಯನ್ನೂ ಈಗ ಕೋರಿದ್ದೇವೆ.