ಪೀಣ್ಯದ ಸಣ್ಣ ವರ್ಕ್‌ಶಾಪ್‌ಗೆ ಡಿಫೆನ್ಸ್ ಆರ್ಡರ್: ಎಲ್ಲಿಂದ ಶುರು ಮಾಡಬೇಕು?

ಕೇಳಿದವರು: ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್), ಹನ್ನೊಂದು ಜನ ಕೆಲಸಗಾರರು. ಈವರೆಗೆ ಮಾಡಿದ್ದೆಲ್ಲ ಆಟೋಮೊಬೈಲ್ ಬಿಡಿಭಾಗ. ಐಎಸ್‌ಒ 9001 ಗುಣಮಟ್ಟದ ಪ್ರಮಾಣಪತ್ರ ಇದೆ. ವಿಮಾನ ಮಾಡುವ ಎಚ್‌ಎಎಲ್, ರಕ್ಷಣಾ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಬಾಗಿಲು ನೇರವಾಗಿ ತಟ್ಟಬೇಕೋ, ದೊಡ್ಡ ಕಂಪನಿಯ ಮೂಲಕ ಹೋಗಬೇಕೋ? ಮೊದಲು ದುಡ್ಡು ಯಾವುದಕ್ಕೆ ಹಾಕಲಿ?

ಸೋರ್ಸಿಂಗ್ ವಿಭಾಗದವರು: ವೆಂಡರ್ ನೋಂದಣಿಗೆ ಎರಡೂ ಕಡೆ ಅರ್ಜಿ ಹಾಕಿಡಿ ಸರ್. ಆದರೆ ಮೊದಲ ಆರ್ಡರನ್ನು ನಡುವಿನ ಕಂಪನಿಯಿಂದಲೇ ಹಿಡಿಯಿರಿ. 2021ರಲ್ಲಿ ಎಚ್‌ಎಎಲ್ ಜೊತೆ 83 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗೆ ಒಪ್ಪಂದವಾಯಿತಲ್ಲ, ಅದರ ರೆಕ್ಕೆ ಎಲ್ ಆಂಡ್ ಟಿ ಮಾಡುತ್ತದೆ, ಒಡಲಿನ ನಡುಭಾಗ ಹೈದರಾಬಾದಿನ ವೆಮ್ ಟೆಕ್ನಾಲಜೀಸ್, ಹಿಂಭಾಗ ಬೆಂಗಳೂರಿನ ಆಲ್ಫಾ ಟೋಕಾಲ್. ಈ ಮಟ್ಟದಲ್ಲಿ ಕೆಲಸ ಮಾಡುವ ಕಂಪನಿಗಳಿಗೆ ಬ್ರಾಕೆಟ್, ಬುಷ್, ಶಿಮ್ ಮಾಡಿಕೊಡುವವರು ಬೇಕೇ ಬೇಕು.

ಜಿಗ್, ಫಿಕ್ಸ್ಚರ್ (ಕೆಲಸ ಮಾಡುವಾಗ ಭಾಗವನ್ನು ಹಿಡಿದಿಡುವ ಸಾಧನ) ಕೇಳಿಕೊಂಡು ಹೋಗಿ. ಅವು ವಿಮಾನದ ಜೊತೆ ಹಾರುವುದಿಲ್ಲ, ಹಾಗಾಗಿ ಕಾಗದಪತ್ರದ ಹೊರೆ ಕಡಿಮೆ. ನಿಮ್ಮ ಕೆಲಸ ಎಷ್ಟು ಅಚ್ಚುಕಟ್ಟು ಎಂಬುದು ಅಷ್ಟರಲ್ಲೇ ಅವರಿಗೆ ಗೊತ್ತಾಗುತ್ತದೆ. ಹಾರುವ ಭಾಗ ಬೇಕೆಂದರೆ ಎಎಸ್ 9100 (ವಿಮಾನೋದ್ಯಮದ ಗುಣಮಟ್ಟ ಪ್ರಮಾಣಪತ್ರ) ಕೇಳಿಯೇ ಕೇಳುತ್ತಾರೆ. ಆಮದಾಗುತ್ತಿದ್ದ ಭಾಗಗಳನ್ನು ಪಟ್ಟಿ ಮಾಡಿರುವ, ರಕ್ಷಣಾ ಸಚಿವಾಲಯದ ಸೃಜನ್ ಪೋರ್ಟಲ್ 2020ರಿಂದ ಇದೆ, ಅದನ್ನೂ ನೋಡಿ. ಆಸಕ್ತಿ ತೋರಿಸುವ ಮುನ್ನ ವರ್ಷಕ್ಕೆ ಎಷ್ಟು ಬೇಕು ಎಂದು ವಿಚಾರಿಸಿ. ವರ್ಷಕ್ಕೆ ಹತ್ತೇ ಪೀಸ್ ಎಂದಾದರೆ ಟೂಲಿಂಗ್ ದುಡ್ಡೂ ಹುಟ್ಟುವುದಿಲ್ಲ.

ಗುಣಮಟ್ಟ ತಪಾಸಣೆಯವರು: ಹೊಸ ಮೆಷಿನ್‌ಗೆ ಈಗಲೇ ದುಡ್ಡು ಹಾಕಬೇಡಿ. ಆಟೋಮೊಬೈಲ್‌ನಿಂದ ಬಂದವರು ಸೋಲುವುದು ಮೆಟೀರಿಯಲ್ ಲೆಕ್ಕದಲ್ಲಿ. ಅಲ್ಯೂಮಿನಿಯಂ ಬಾರ್‌ನ ತುದಿಯಲ್ಲಿ ಹೀಟ್ ನಂಬರ್ (ಆ ಲೋಹ ಯಾವ ಎರಕದ್ದು ಎಂಬ ಗುರುತು) ಇರುತ್ತದೆ. ಗರಗಸದವನು ಆ ತುದಿಯನ್ನೇ ಮೊದಲು ಕೊಯ್ದುಬಿಟ್ಟರೆ ಉಳಿದ ಬಾರ್‌ಗೆ ಗುರುತೇ ಇಲ್ಲ. ಲೋಹ ತಯಾರಕರು ಕೊಟ್ಟ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಫೈಲಿನಲ್ಲಿದ್ದರೂ ಅದು ಇದೇ ಲೋಹದ್ದು ಎಂದು ತೋರಿಸಲು ಆಗುವುದಿಲ್ಲ, ಇಡೀ ಲಾಟ್ ತಿರಸ್ಕಾರ. ಕೊಯ್ಯುವ ಮುಂಚೆಯೇ ಪ್ರತಿ ತುಂಡಿಗೂ ಆ ನಂಬರ್ ದಾಟಿಸಿ. ಜಾಬ್ ಕಾರ್ಡಿನಲ್ಲೂ ಅದೇ ನಂಬರ್ ಬರೆಯಿರಿ.

ಮುಂದಿನದು ಫಸ್ಟ್ ಆರ್ಟಿಕಲ್ ಇನ್‌ಸ್ಪೆಕ್ಷನ್, ಅಂದರೆ ಮೊದಲ ಪೀಸಿನ ಪೂರ್ಣ ತಪಾಸಣೆ. ಡ್ರಾಯಿಂಗ್‌ನ ಪ್ರತಿ ಅಳತೆಗೂ, ಪ್ರತಿ ನೋಟ್‌ಗೂ ಬಲೂನ್ (ಸಣ್ಣ ವೃತ್ತ) ಹಾಕಿ ನಂಬರ್ ಕೊಟ್ಟು, ಎದುರಿಗೆ ನಿಜವಾಗಿ ಬಂದ ಅಳತೆ ಬರೆಯಬೇಕು. ‘ಓಕೆ’ ಎಂದು ಬರೆದರೆ ವಾಪಸ್ ಬರುತ್ತದೆ. ಪ್ರೋಗ್ರಾಂ ಬದಲಾದರೂ, ಮೆಷಿನ್ ಬೇರೆ ಶೆಡ್ಡಿಗೆ ಹೋದರೂ, ಎರಡು ವರ್ಷ ಆ ಭಾಗ ಮಾಡದೆ ಬಿಟ್ಟರೂ ಮತ್ತೆ ಮಾಡಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಮಾಲು ಹಾಳಾಗುವುದು ಅನೊಡೈಸಿಂಗ್‌ನಲ್ಲಿ, ಅಂದರೆ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೆಳೆಸುವಾಗ. ಹಾರ್ಡ್ ಅನೊಡೈಸಿಂಗ್ ಪದರ 50 ಮೈಕ್ರಾನ್ ಇದ್ದರೆ ಸುಮಾರು ಅರ್ಧ ಹೊರಕ್ಕೆ ಬೆಳೆಯುತ್ತದೆ. ಅಂದರೆ ರಂಧ್ರದ ವ್ಯಾಸ ಸುಮಾರು 50 ಮೈಕ್ರಾನ್ ಕುಗ್ಗುತ್ತದೆ. 20 ಮಿ.ಮೀ. ಎಚ್7 ದರ್ಜೆಯ ರಂಧ್ರಕ್ಕೆ ಇರುವ ಟಾಲರೆನ್ಸೇ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) 21 ಮೈಕ್ರಾನ್! ಡ್ರಾಯಿಂಗ್‌ನಲ್ಲಿರುವ ಅಳತೆ ಲೇಪನಕ್ಕೆ ಮುಂಚಿನದೋ ನಂತರದ್ದೋ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಅದಕ್ಕೆ ತಕ್ಕಂತೆ ರಂಧ್ರ ದೊಡ್ಡದು ಮಾಡಿ, ಇಲ್ಲವೇ ಅಲ್ಲಿ ಲೇಪನ ಕೂರದಂತೆ ಮುಚ್ಚಿಸಿ (ಮಾಸ್ಕಿಂಗ್). ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಎಲ್ಲವೂ ಗ್ರಾಹಕರು ಒಪ್ಪಿದ ಜಾಗದಲ್ಲೇ ಆಗಬೇಕು. ಪಕ್ಕದ ರಸ್ತೆಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಹೋಗಬೇಡಿ.

ಲೆಕ್ಕಪತ್ರ ನೋಡುವವರು: ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಇವತ್ತೇ ಮಾಡಿಸಿ. ಸರ್ಕಾರಿ ಟೆಂಡರುಗಳಲ್ಲಿ ಸಣ್ಣ ಉದ್ದಿಮೆಗೆ ಇಎಂಡಿ (ಟೆಂಡರ್ ಜೊತೆ ಇಡುವ ಮುಂಗಡ ಠೇವಣಿ) ವಿನಾಯಿತಿ ಸಿಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಬರಹದ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಬರಬೇಕು. ದಿನ ಎಣಿಸುವುದು ಒಪ್ಪಿಕೊಂಡ ದಿನದಿಂದ, ಆದ್ದರಿಂದ ಮಾಲು ಕೊಟ್ಟ ದಿನದ ಸ್ವೀಕೃತಿ ಚೀಟಿ ಜೋಪಾನ. ಅಲ್ಲಿಂದ 15 ದಿನದೊಳಗೆ ಅವರಿಂದ ಬರಹದ ತಕರಾರು ಬಾರದಿದ್ದರೆ ಮಾಲು ಕೊಟ್ಟ ದಿನವೇ ಒಪ್ಪಿಕೊಂಡಂತೆ.

ಮೆಟೀರಿಯಲ್ ಅವರೇ ಕೊಟ್ಟರೆ ಖುಷಿಪಡುವ ಮುಂಚೆ ಷರತ್ತು ಓದಿ. ಬ್ಯಾಂಕ್ ಗ್ಯಾರಂಟಿ, ವಿಮೆ, ಉಳಿದ ತುಂಡುಗಳ ಲೆಕ್ಕ, ಕೆಟ್ಟ ಫೋರ್ಜಿಂಗ್‌ಗೆ ದಂಡ, ಇವೆಲ್ಲ ಅಲ್ಲಿರುತ್ತವೆ. ತಡವಾದರೆ ವಾರಕ್ಕೆ ಇಂತಿಷ್ಟು ಎಂದು ಕಡಿತವೂ ಇರುತ್ತದೆ. ಇವನ್ನೆಲ್ಲ ಕೊಟೇಶನ್‌ಗೆ ಸೇರಿಸದೆ ಬರೀ ಮೆಷಿನ್ ಗಂಟೆಯ ದರ ಹಾಕಿದರೆ ಕೈಯಿಂದಲೇ ಹೋಗುತ್ತದೆ.

ಇನ್ನೊಬ್ಬರು: ಡ್ರಾಯಿಂಗ್ ವಾಟ್ಸಾಪ್‌ನಲ್ಲಿ ಓಡಾಡಬಾರದು. ಆಪರೇಟರ್ ಫೋನಿನಲ್ಲಿ ಫೋಟೋ ತೆಗೆದುಕೊಂಡು ಕೆಲಸ ಮಾಡುವ ಅಭ್ಯಾಸ ಇದ್ದರೆ ಆಡಿಟ್‌ಗೆ ಮುಂಚೆಯೇ ಬಿಡಿಸಿ. ಡ್ರಾಯಿಂಗ್‌ನ ಹಳೆಯ ರಿವಿಷನ್ (ಆವೃತ್ತಿ) ಮೆಷಿನ್ ಪಕ್ಕ ಅಂಟಿಕೊಂಡಿರಲೇಬಾರದು. ಬರಹದ ಅನುಮತಿಯಿಲ್ಲದೆ ಹೊರಗಡೆ ಜಾಬ್ ಕೊಡಬೇಡಿ.

ಕೇಳಿದವರು: ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ನಮ್ಮಲ್ಲಿ ಸಿಎಂಎಂ (ಭಾಗದ ಅಳತೆಗಳನ್ನು ನಿಖರವಾಗಿ ತೆಗೆಯುವ ಮೆಷಿನ್) ಇಲ್ಲ, ಕೊಳ್ಳಲೇಬೇಕೇ? ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆಯ ಅನುದಾನ ನಮ್ಮಂಥವರಿಗೆ ಸಿಗುತ್ತದೆಯೇ?

ಗುಣಮಟ್ಟ ತಪಾಸಣೆಯವರು: ಈಗ ಬೇಡ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನಲ್ಲಿ ಅಳತೆ ಮಾಡಿಸಿ, ಆ ವರದಿ ನಡೆಯುತ್ತದೆಯೇ ಎಂದು ಮಾತ್ರ ಗ್ರಾಹಕರನ್ನು ಮೊದಲೇ ಕೇಳಿಕೊಳ್ಳಿ. ಆ ದುಡ್ಡಿನಲ್ಲಿ ಮೈಕ್ರೋಮೀಟರ್, ಬೋರ್ ಗೇಜ್, ಹೈಟ್ ಗೇಜ್ ಎಲ್ಲವನ್ನೂ ಕ್ಯಾಲಿಬ್ರೇಟ್ ಮಾಡಿಸಿ, ತಪಾಸಣೆಗೆಂದೇ ಒಬ್ಬರನ್ನು ನೇಮಿಸಿ. ಮಾಡಿದವನೇ ಅಳತೆಗೂ ಸಹಿ ಹಾಕಿದ್ದರೆ ಆಡಿಟರ್ ಬಿಡುವುದಿಲ್ಲ.

ಸೋರ್ಸಿಂಗ್ ವಿಭಾಗದವರು: 2018ರಲ್ಲಿ ಶುರುವಾದ ಐಡೆಕ್ಸ್ ಇರುವುದು ಹೊಸ ಉತ್ಪನ್ನ ರೂಪಿಸುವವರಿಗೆ. ಅವರ ಸಾಮಾನ್ಯ ಚಾಲೆಂಜ್‌ನಲ್ಲಿ (ಸ್ಪರ್ಧೆಯಲ್ಲಿ) ಗೆದ್ದವರಿಗೆ 1.5 ಕೋಟಿ ರೂಪಾಯಿವರೆಗೆ ಕೊಡುತ್ತಾರೆ, ಅಷ್ಟೇ ಪಾಲು ನಿಮ್ಮದೂ ಇರಬೇಕು. ಬೇರೆಯವರ ಡ್ರಾಯಿಂಗ್‌ಗೆ ಭಾಗ ಮಾಡಿಕೊಡುವ ಜಾಬ್ ವರ್ಕ್‌ಗೆ ಅದು ಬರುವುದಿಲ್ಲ. ಆದರೆ ಗೆದ್ದ ಸ್ಟಾರ್ಟಪ್‌ಗಳಲ್ಲಿ ಸ್ವಂತ ಮೆಷಿನ್ ಇಲ್ಲದವರು ಇರುತ್ತಾರೆ, ಮಾದರಿಯ ಬಿಡಿಭಾಗಗಳನ್ನು ಯಾರಿಂದಲಾದರೂ ಮಾಡಿಸಲೇಬೇಕು. ಗೆದ್ದವರ ಹೆಸರು ಪ್ರಕಟವಾದಾಗ ಬೆಂಗಳೂರಿನವರನ್ನು ಹುಡುಕಿ, ಐದಾರು ಪೀಸ್ ಮಾಡಿಕೊಡಲು ತಯಾರಿದ್ದೇವೆ ಎಂದು ಹೇಳಿ.